ಸೊಳ್ಳೆ ಸಾಹೇಬರ ಕೊಳ

ಫೆಬ್ರವರಿ ೧೧

ಅಪ್ಪಾ,

ತಲುಪಿದ್ದೇನೆ. ದೋಣಿಯಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ, ಅದನ್ನು ಅತ್ತೆಗೆ ಹೇಳಬೇಡಿ. ಈ ದ್ವೀಪದಲ್ಲಿ ಫೋನು ಸಿಗಬೇಕಾದರೆ ದೀಪಸ್ತಂಭದ ಮೆಟ್ಟಿಲು ಹತ್ತಬೇಕು. ಹತ್ತಿದರೂ ಫೋನಿನಲ್ಲಿ ನಾವಿಬ್ಬರೂ ಮಾಡುವುದು ಜಗಳವೇ. ಹಾಗಾಗಿ ಪತ್ರವೇ ವಾಸಿ. ಪತ್ರದಲ್ಲಾದರೆ ಒಬ್ಬರು ಮಾತು ಮುಗಿಸುವ ತನಕ ಇನ್ನೊಬ್ಬರು ಬಾಯಿ ಹಾಕಲು ಆಗುವುದಿಲ್ಲ. ಗುರುವಾರಕ್ಕೊಮ್ಮೆ ದೋಣಿ ಅಂಚೆ ತರುತ್ತದೆ.

ಇಲ್ಲಿ ಕಡಲಹಕ್ಕಿಗಳು ಬರಿಯ ಮರಳಿನ ಮೇಲೆ ಮೊಟ್ಟೆಯಿಡುತ್ತವೆ. ಮೀನುಗಾರರ ಮಕ್ಕಳನ್ನು ದಂಡೆಗೆ ಕರೆದೊಯ್ದು, ತುಳಿಯದೆ ನೋಡುವುದನ್ನು ಕಲಿಸುವುದು ನನ್ನ ಕೆಲಸ. ಮಕ್ಕಳು ಜಾಣರು. ದೊಡ್ಡವರನ್ನು ಕಂಡರೆ ತಲೆ ಚಿಟ್ಟು ಹಿಡಿಯುತ್ತದೆ.

ಈಗ ಕೊಳದ ವಿಷಯ. ಶಾಲೆಯ ಹಿಂದಿನ ಆ ಕಸದ ಗುಂಡಿಯನ್ನು ನಾನೂ ಬಡಾವಣೆಯ ನಾಲ್ಕು ಜನರೂ ಸೇರಿ ಕೊಳ ಮಾಡಿದೆವು, ಮಕ್ಕಳಿಗೆ ಬಯಲಿನ ತರಗತಿ ಮಾಡಿದೆವು. ನೀವು ಅದಕ್ಕೆ ‘ಸೊಳ್ಳೆ ಸಾಕಣೆ ಕೇಂದ್ರ’ ಎಂದು ಹೆಸರಿಟ್ಟು, ಒಂದು ದಿನವೂ ಗೇಟು ದಾಟಿ ಒಳಗೆ ಬರಲಿಲ್ಲ. ಆದರೂ ಕೀಲಿ ನಿಮ್ಮ ಕೈಗೇ ಕೊಟ್ಟು ಬಂದಿದ್ದೇನೆ. ಬೇರೆ ಯಾರಿಗೆ ಕೊಟ್ಟರೂ ಬಡಾವಣೆ ಸಂಘದ ಕಾರ್ಯದರ್ಶಿ ಅದನ್ನು ಕಿತ್ತುಕೊಳ್ಳುತ್ತಾರೆ. ನಿಮ್ಮ ಕೈಯಿಂದ ಏನನ್ನಾದರೂ ಕಿತ್ತುಕೊಂಡವರನ್ನು ನಾನು ಈವರೆಗೆ ನೋಡಿಲ್ಲ.

ಕಾರ್ಯದರ್ಶಿಗೆ ಅಲ್ಲಿ ಕಾರು ನಿಲ್ಲಿಸುವ ಜಾಗ ಬೇಕು, ನಿಮಗೆ ಗೊತ್ತೇ ಇದೆ. ಆಗಸ್ಟ್ ತಿಂಗಳ ಸಭೆಯಲ್ಲಿ ತೀರ್ಮಾನ. ಕೊಳ ಉಳಿದರೆ ನಮ್ಮ ಸಂಸ್ಥೆ ವರ್ಷ ಮುಗಿದ ಮೇಲೆ ನನ್ನನ್ನು ಅಲ್ಲಿಗೇ ವಾಪಸ್ಸು ಕಳಿಸುತ್ತದೆ. ಉಳಿಯದಿದ್ದರೆ ಆ ಊರಿನಲ್ಲಿ ನನಗೆ ಕೆಲಸವಿಲ್ಲ, ಎಲ್ಲಿಗೆ ಹಾಕುತ್ತಾರೋ ಅಲ್ಲಿಗೆ.

ಮಾಡಬೇಕಾದ್ದು ಇಷ್ಟೆ. ಶನಿವಾರ ಟೀಚರಮ್ಮ ತರಗತಿಯವರನ್ನು ಕರೆತಂದಾಗ ಗೇಟು ತೆಗೆಯಿರಿ, ಹೋದಾಗ ಹಾಕಿ. ಬೇರೆ ಏನನ್ನೂ ಮಾಡಬೇಡಿ. ಅಪ್ಪಾ, ದಯವಿಟ್ಟು, ಏನನ್ನೂ ಮಾಡಬೇಡಿ.

ನಿಮ್ಮ ಮಗಳು

*

ಮಾರ್ಚ್ ೪

ಮಗಳಿಗೆ,

ಕ್ಷೇಮ ಎಂದು ಮೊದಲು ಬರೆಯುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ. ನಿನ್ನ ಸ್ವಯಂಸೇವಕರ ದೆಸೆಯಿಂದ ನನ್ನ ಬಿ.ಪಿ. ಏರಿದೆ.

ಮೊದಲನೆಯವನು ಆ ದುರ್ಬೀನು. ಸ್ನಾನ ಮಾಡುವಾಗಲೂ ಕೊರಳಿನಿಂದ ಅದನ್ನು ತೆಗೆಯುತ್ತಾನೋ ಇಲ್ಲವೋ. ಬಂದವನೇ ಬೆಂಚಿನ ಮೇಲೆ ಕೂತು, ‘ಸಾರ್, ಶ್! ಕೇಳಿಸ್ತಾ?’ ಅನ್ನುತ್ತಾನೆ. ನನಗೆ ಬಸ್ಸಿನ ಹಾರ್ನು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಗುದ್ದಲಿ ಹಿಡಿ ಎಂದರೆ ಮಾತ್ರ ಅವನಿಗೆ ಬೆನ್ನುನೋವು. ಆಮೇಲೆ ಮಕ್ಕಳ ತಾಯಂದಿರು. ಒಬ್ಬಾಕೆ ಗೇಟಿನ ಹತ್ತಿರ ನಿಂತು ಕೇಳುತ್ತಾಳೆ, ‘ಕೆಸರು ಆಗದ ಹಾಗೆ ಕೊಳ ತೋರಿಸೋಕಾಗಲ್ವಾ ಅಂಕಲ್?’ ನಾನು ಹೇಳಿದೆ, ‘ಆಗುತ್ತಮ್ಮ, ಫೋಟೋ ಇದೆ, ಮನೇಲೇ ತೋರ್ಸಿ.’ ಈಗ ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನೀನು ಏನೂ ಮಾಡಬೇಡಿ ಎಂದಿದ್ದೀಯ. ಸರ್ವೀಸು ಪೂರ್ತಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ಬೀದಿಯಲ್ಲಿ ಕಾಲಿಟ್ಟರೆ ಜನ ‘ಸೊಳ್ಳೆ ಸಾಹೇಬ್ರು ಬಂದ್ರು’ ಎಂದು ಓಡಿಹೋಗಿ ತಮ್ಮ ತಮ್ಮ ಬಕೆಟ್ಟು ಬೋರಲು ಹಾಕುತ್ತಿದ್ದರು. ಅಂಥವನು ನಿಂತ ನೀರಿನ ಪಕ್ಕ ಕೈ ಕಟ್ಟಿಕೊಂಡು ನಿಲ್ಲಬೇಕು! ಎಲೆ ಕೊಳೆಯುತ್ತಿದೆ, ತೆಗೆಯಬಾರದಂತೆ. ಮರದ ದಿಮ್ಮಿ ಒಂದು ಹುಳ ಹಿಡಿದು ಬಿದ್ದಿದೆ, ಎತ್ತಬಾರದಂತೆ. ಕಸ ತೆಗೆಯಬಾರದು ಎನ್ನುವ ಉಸ್ತುವಾರಿಯನ್ನು ನಾನು ಎಲ್ಲೂ ಕಂಡಿಲ್ಲ. ಅಂಚಿಗಾದರೂ ಒಂದಿಷ್ಟು ಬ್ಲೀಚಿಂಗ್ ಪೌಡರ್ ಚೆಲ್ಲಲೇ? ತಿಳಿಸು.

ಇಂತಿ,
ಕೀಲಿ ಕಾಯುವ ನಿನ್ನ ಅಪ್ಪ

ಪುಟ್ಟೀ, ನಾನು ಅತ್ತೆ. ಇವನು ಬರೆದದ್ದನ್ನೆಲ್ಲ ನಂಬಬೇಡ. ಶನಿವಾರ ಮಾತ್ರ ಹೋಗಬೇಕಾದವನು ದಿನಾ ಬೆಳಗ್ಗೆ ಹೋಗುತ್ತಾನೆ. ಕೇಳಿದರೆ ‘ಬೀಗ ನೋಡಿ ಬರ್ತೀನಿ’ ಅನ್ನುತ್ತಾನೆ. ಬೀಗ ನೋಡೋಕೆ ಅಷ್ಟು ಹೊತ್ತು ಬೇಕಾ? ದೋಣಿಯಲ್ಲಿ ವಾಂತಿ ಆಯಿತಂತೆ, ನಿಂಬೆಹಣ್ಣು ಇಟ್ಟುಕೊಳ್ಳಬಾರದಾ?

*

ಮಾರ್ಚ್ ೧೯

ಅಪ್ಪಾ,

ಬ್ಲೀಚಿಂಗ್ ಪೌಡರ್ ಬೇಡ. ಫಿನಾಯಿಲ್ ಬೇಡ. ಸೀಮೆಎಣ್ಣೆ ಬೇಡ. ನಿಮ್ಮ ತಲೆಗೆ ಇನ್ನೇನು ಹೊಳೆಯುತ್ತದೋ ಅದೂ ಬೇಡ. ಕೊಳೆಯುವ ಎಲೆಯನ್ನು ತಿನ್ನುವವು ಇವೆ, ಅವನ್ನು ತಿನ್ನುವವು ಇವೆ. ಆ ದಿಮ್ಮಿಯ ಕೆಳಗೆ ಕಪ್ಪೆಗಳು ಬೇಸಗೆ ಕಳೆಯುತ್ತವೆ. ಮೊದಲ ಮಳೆಗೆ ಎದ್ದು ಬಂದು ಮೊಟ್ಟೆಯಿಡುತ್ತವೆ, ಜೂನ್ ತಿಂಗಳಿಡೀ ಟೀಚರಮ್ಮನ ಪಾಠ ಗೊದಮೊಟ್ಟೆಗಳದ್ದೇ. ಅದನ್ನು ನೋಡಿದ ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ, ಆ ತಂದೆತಾಯಿಗಳೇ ಆಗಸ್ಟಿನಲ್ಲಿ ಕೈ ಎತ್ತುವವರು. ಹಾಗಾಗಿ ಕೆಸರಿನ ತಾಯಿಯ ಜೊತೆ ರಾಜಿಯಾಗಿ.

ದುರ್ಬೀನು ಒಳ್ಳೆಯವನು. ಅವನಿಗೆ ಕೆಲಸ ಹೇಳಬಾರದು, ಅಷ್ಟೆ.

ಇಲ್ಲಿ ಯಾರೋ ಪುಣ್ಯಾತ್ಮರು ಮೊಟ್ಟೆಗಳಿಗೆ ಬಿಸಿಲು ಬೀಳುತ್ತದೆ ಎಂದು ಕನಿಕರಪಟ್ಟು ಕೊಡೆ ನೆಟ್ಟು ಹೋಗಿದ್ದರು. ಕೊಡೆಗೆ ಹೆದರಿ ತಾಯಿಹಕ್ಕಿ ಗೂಡಿಗೇ ಬರಲಿಲ್ಲ. ಕೇಡು ಮಾಡುವವರನ್ನಾದರೂ ತಡೆಯಬಹುದು, ಒಳ್ಳೆಯದು ಮಾಡಲು ಹೊರಟವರನ್ನು ಏನು ಮಾಡುವುದು?

ನಿಮ್ಮ ಮಗಳು

*

ಜೂನ್ ೮

ಮಗಳಿಗೆ,

ಸಂತೋಷದ ಸುದ್ದಿ. ಮಳೆ ಹಿಡಿಯಿತು. ನಿನ್ನ ಕಪ್ಪೆಗಳು ಎದ್ದವು. ನೀರಿನಂಚಿನಲ್ಲಿ ಗೋಂದಿನ ಮುದ್ದೆಯ ಹಾಗೆ ಮೊಟ್ಟೆ ಇಟ್ಟಿವೆ. ನಾನು ಮುಟ್ಟಲಿಲ್ಲ, ಸಂಪಿನ ಕಲ್ಮಷ ಎಂದು ಎತ್ತಿ ಎಸೆಯಲು ಕೈ ಕಡಿಯುತ್ತಿತ್ತು, ಆದರೂ ಮುಟ್ಟಲಿಲ್ಲ.

ಆದರೆ ಮಳೆಯ ಜೊತೆ ಸೊಳ್ಳೆಯೂ ಬಂತು. ಕಾರ್ಯದರ್ಶಿ ಕಾಯುತ್ತಿದ್ದದ್ದೇ ಅದಕ್ಕೆ. ಮನೆಮನೆಗೂ ಹೋಗಿ, ‘ನೋಡಿ, ಎಲ್ಲಾ ಆ ಕೊಳದ್ದೇ, ಆಗಸ್ಟಿನಲ್ಲಿ ಮುಚ್ಚೋಣ’ ಎಂದು ಹೇಳುತ್ತಿದ್ದಾರೆ. ಈತನಿಗೆ ನಿನ್ನ ಕೊಳ ಒಪ್ಪಿಸಿ ಸುಮ್ಮನೆ ಕೂರಲೇ? ನಮ್ಮ ಹಳೆಯ ಇಲಾಖೆಗೆ ಹೋದೆ. ನನ್ನ ಕೈಕೆಳಗೆ ಇದ್ದವನೊಬ್ಬ ಈಗ ಅಲ್ಲಿ ಅಧಿಕಾರಿ. ತೊಟ್ಟಿಯಿಂದ ಒಂದು ಬಕೆಟ್ ತುಂಬ ಗಂಬೂಸಿಯಾ ಕೊಟ್ಟ. ಚಿಕ್ಕ ಮೀನು, ಹುಟ್ಟಿದ್ದೇ ಸೊಳ್ಳೆಮರಿ ತಿನ್ನಲಿಕ್ಕೆ. ಔಷಧವಿಲ್ಲ, ವಿಷವಿಲ್ಲ, ನೀನು ಬೇಡ ಎಂದದ್ದು ಒಂದೂ ಇಲ್ಲ. ಎಲ್ಲವನ್ನೂ ಕೊಳಕ್ಕೆ ಬಿಟ್ಟೆ. ಏನು ಚುರುಕು ಅಂತೀಯ! ಈಗ ನೀರಿನಲ್ಲಿ ಹುಡುಕಿದರೂ ಒಂದು ಸೊಳ್ಳೆಮರಿ ಸಿಗುವುದಿಲ್ಲ. ಕಾರ್ಯದರ್ಶಿಯನ್ನು ಕರೆದು ತೋರಿಸಿದೆ. ಆತನ ಮುಖ ನೀನು ನೋಡಬೇಕಿತ್ತು.

ನಿನ್ನ ಕೊಳ ಉಳಿಯಿತು ಎಂದುಕೋ.

ಇಂತಿ,
ಹೆಮ್ಮೆಯ ನಿನ್ನ ಅಪ್ಪ

*

ಜೂನ್ ೧೪

ಅಪ್ಪಾ,

ಮೀನು ಬಿಟ್ಟಿರಾ? ನನ್ನ ಕೊಳಕ್ಕೆ?

ದೀಪಸ್ತಂಭ ಹತ್ತಿ ಫೋನು ಮಾಡೋಣ ಎಂದು ಅರ್ಧ ಮೆಟ್ಟಿಲು ಹತ್ತಿದೆ. ಬಾಯಿಗೆ ಬಂದದ್ದನ್ನು ಅಪ್ಪನಿಗೆ ಅನ್ನಬಾರದು ಎಂದು ಇಳಿದು ಬಂದೆ. ಆ ಮೀನು ಸೊಳ್ಳೆಮರಿ ಯಾವುದು, ಗೊದಮೊಟ್ಟೆ ಯಾವುದು ಎಂದು ವಿಚಾರಿಸಿ ತಿನ್ನುತ್ತದೆಯೇ? ಬಾಯಿಗೆ ಹಿಡಿಸಿದ್ದನ್ನೆಲ್ಲ ತಿನ್ನುತ್ತದೆ. ಕಪ್ಪೆಮೊಟ್ಟೆ, ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿ, ಎಲ್ಲ. ಸೊಳ್ಳೆಮರಿಗಳನ್ನು ತಿನ್ನಲು ಅಲ್ಲಿ ಆ ಚಿಟ್ಟೆಯ ಮರಿಗಳೇ ಇದ್ದವು, ಸಾಕಷ್ಟಿದ್ದವು. ಬಡಾವಣೆಯ ಸೊಳ್ಳೆ ಹುಟ್ಟುವುದು ಟೆರೇಸಿನ ಹಳೆ ಟೈರಿನಲ್ಲಿ, ಹೂಕುಂಡದ ತಟ್ಟೆಯಲ್ಲಿ. ಅದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಊರಿಗೆಲ್ಲ ಅದನ್ನೇ ಹೇಳುತ್ತಾ ಬದುಕಿದವರು ಇಲ್ಲಿ ಹೇಗೆ ಮರೆತಿರಿ?

ಆ ಕೊಳಕ್ಕೆ ಕಪ್ಪೆಗಳು ತಾವಾಗಿ ಬರಲಿ ಎಂದು ನಾವು ಎಷ್ಟು ಮಳೆಗಾಲ ಕಾದೆವು ಗೊತ್ತೇ? ನಿಮಗೆ ಹೇಗೆ ಗೊತ್ತಿರುತ್ತದೆ.

ಕೊಡೆ ನೆಟ್ಟವರ ಬಗ್ಗೆ ನಿಮಗೆ ಬರೆದಿದ್ದೆ. ಅದು ನಿಮಗೇ ಬರೆದದ್ದು ಎಂದು ಆಗ ನನಗೆ ತಿಳಿದಿರಲಿಲ್ಲ.

ನಿಮ್ಮ ಮಗಳು

*

ಜುಲೈ ೯

ಮಗಳಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಮೊದಲ ಉತ್ತರವನ್ನು ನಿನ್ನ ಅತ್ತೆ ಓದಿ, ‘ಇದನ್ನ ಕಳಿಸಿದ್ರೆ ಅವಳು ಈ ಜನ್ಮದಲ್ಲಿ ಮನೆಗೆ ಬರಲ್ಲ’ ಎಂದು ಹರಿದುಹಾಕಿದಳು. ಎರಡನೆಯದನ್ನು ನಾನೇ ಹರಿದೆ.

ಪತ್ರ ತಲುಪಿದ ವಾರದ ಶನಿವಾರ ಮಕ್ಕಳು ಬಂದರು. ಟೀಚರಮ್ಮ ಬಿಳಿ ತಟ್ಟೆಗಳನ್ನು ಸಾಲಾಗಿ ಇಟ್ಟು, ಪುಟ್ಟ ಪುಟ್ಟ ಬಲೆ ಹಂಚಿದರು. ಮಕ್ಕಳು ಬಲೆಯಾಡಿಸಿ ತಟ್ಟೆಗೆ ಸುರಿದರು. ಮೀನು. ಇನ್ನೊಂದು ಬಲೆ, ಮತ್ತೆ ಮೀನು. ಜುಟ್ಟಿನ ಹುಡುಗಿಯೊಂದು ಬಂದು ನನ್ನ ಅಂಗಿ ಎಳೆದು ಕೇಳಿತು:

‘ತಾತ, ಕಪ್ಪೆಮರಿ ಎಲ್ಲಿ ಹೋದ್ವು?’

‘ಮೀನು ತಿಂದ್ವಮ್ಮ.’

‘ಮೀನು ಯಾರು ಬಿಟ್ಟಿದ್ದು?’

‘ನಾನೇ.’

‘ಯಾಕೆ?’

‘ಗೊತ್ತಿರ್ಲಿಲ್ಲ’ ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಟೀಚರಮ್ಮ ಸಾಕ್ಷಿ. ಆಕೆ ಪಾಪ, ‘ಇರ್ಲಿ ಸಾರ್, ಇವತ್ತು ಮೀನಿನ ಪಾಠ ಮಾಡೋಣ’ ಎಂದರು. ಮಕ್ಕಳಿಗೆ ಮೀನು ಬೇಡವಾಗಿತ್ತು. ಬೇಗನೆ ಸಾಲು ಕಟ್ಟಿಕೊಂಡು ಹೊರಟುಹೋದರು. ಮುಂದಿನ ಶನಿವಾರ ತರಗತಿಯೇ ಬರಲಿಲ್ಲ. ಪರೀಕ್ಷೆ ಎಂದರು. ಜುಲೈಯಲ್ಲಿ ಎಂಥ ಪರೀಕ್ಷೆ?

ನಿನ್ನ ಮೇಲೆ ನನಗೆ ಸಿಟ್ಟೂ ಇದೆ. ಮಾಡಬಾರದ್ದನ್ನೆಲ್ಲ ಬರೆದವಳು ಮೀನು ಎಂದು ಬರೆಯಲಿಲ್ಲ. ಹೋಗಲಿ. ಈಗ ಏನು ಮಾಡಬೇಕು ಅಷ್ಟು ಹೇಳು.

ನಿನ್ನ ಅಪ್ಪ

*

ಜುಲೈ ೧೬

ಅಪ್ಪಾ,

ಬಲೆ ಹಾಕಿ ಹಿಡಿದರೆ ಮುಗಿಯುವುದಿಲ್ಲ. ಒಂದು ಉಳಿದರೂ ಮತ್ತೆ ಕೊಳ ತುಂಬ ಮರಿ ಹಾಕುತ್ತದೆ. ಇರುವ ದಾರಿ ಒಂದೇ: ಕೊಳವನ್ನು ಪೂರ್ತಿ ಬತ್ತಿಸಬೇಕು. ಪಂಪಿನಿಂದ ನೀರು ತೆಗೆದು, ಮೀನೆಲ್ಲ ಎತ್ತಿ, ತಳ ಒಣಗಬೇಕು. ಮಳೆಯ ಮಧ್ಯೆ ಬಿಡುವು ಸಿಕ್ಕಾಗ ಮಾಡಿ. ಗಿಡಗಳ ಬೇರಿಗೆ ಒದ್ದೆ ಗೋಣಿ ಹೊದಿಸಿ. ಬಸವನಹುಳ, ಚಿಟ್ಟೆಮರಿ ಏನೇ ಸಿಕ್ಕರೂ ಟಬ್ಬಿನಲ್ಲಿ ಕಾಪಾಡಿ. ಆಮೇಲೆ ಮಳೆನೀರೇ ತುಂಬಬೇಕು. ನಲ್ಲಿಯ ನೀರು ಬಿಡಬೇಡಿ, ಅದರಲ್ಲಿ ಕ್ಲೋರಿನ್ ಇದೆ.

ಇದನ್ನು ಬರೆಯಲು ನನಗೆ ಹೆದರಿಕೆಯಾಗುತ್ತಿದೆ. ಸಭೆಯ ಹೊತ್ತಿಗೆ ಕೊಳ ಒಣಗಿ ಬಿದ್ದಿದ್ದರೆ ಕಾರ್ಯದರ್ಶಿಗೆ ಹಬ್ಬ. ಮುಚ್ಚುವುದಕ್ಕೆ ಅವರಿಗೆ ಅರ್ಧ ಕೆಲಸ ನಾವೇ ಮಾಡಿಕೊಟ್ಟ ಹಾಗೆ. ಇನ್ನೊಂದು ಹೆದರಿಕೆಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಊರಲ್ಲಿ ಎಷ್ಟು ಹೊಂಡ ಒಣಗಿಸಿದ್ದೀರಿ ಅಪ್ಪಾ ನೀವು. ಒಂದನ್ನಾದರೂ ತಿರುಗಿ ತುಂಬಿಸಿದ್ದೀರಾ?

ನಾನು ಬರಲು ಆಗುವುದಿಲ್ಲ. ಹಕ್ಕಿಮರಿಗಳು ಹಾರುವ ಮುಂಚೆ ಇಲ್ಲಿಂದ ಕದಲುವಂತಿಲ್ಲ. ನೀವೇ ಮಾಡಬೇಕು.

ನಿಮ್ಮ ಮಗಳು

*

ಆಗಸ್ಟ್ ೧೭

ಮಗಳಿಗೆ,

ಮಾಡಿದೆ. ಶಾಲೆಯ ಪಂಪು ತಂದು ನೀರೆತ್ತಿದೆವು. ನಿನ್ನ ಅತ್ತೆ ತನ್ನ ಸೊಳ್ಳೆಪರದೆ ಕೊಟ್ಟಳು, ಅದರಲ್ಲೇ ಮೀನು ಸೋಸಿದೆವು. ಕೆಸರಿನಲ್ಲಿ ಮಂಡಿಯವರೆಗೆ ನಿಂತಿದ್ದವನು ಯಾರು ಗೊತ್ತೇ? ದುರ್ಬೀನು. ಆ ಯಂತ್ರವನ್ನು ಕೊರಳಿನಿಂದ ತೆಗೆದು ಬೆಂಚಿನ ಮೇಲಿಟ್ಟು ಇಳಿದ. ಬೆನ್ನುನೋವು ಎಲ್ಲಿ ಹೋಯಿತೋ. ಮೀನನ್ನು ತಂದಲ್ಲಿಗೇ, ಇಲಾಖೆಯ ತೊಟ್ಟಿಗೇ ವಾಪಸ್ಸು ಹಾಕಿ ಬಂದೆ. ಅಲ್ಲಿನ ಅಧಿಕಾರಿ ನಕ್ಕ. ನಗಲಿ.

ಒಣಗಿಸುವುದು ನನಗೆ ಬರುವ ಕೆಲಸ, ಚೆನ್ನಾಗಿಯೇ ಆಯಿತು. ಈಗ ಮಳೆ ಕೈಕೊಟ್ಟಿದೆ. ತಳ ಬಿರಿಯುತ್ತಿದೆ.

ನಿನ್ನೆ ಸಭೆ. ಕಾರ್ಯದರ್ಶಿ ಎದ್ದು ನಿಂತು, ‘ನಾವು ಹೇಳೋದು ಬೇಡ, ಸಾಹೇಬ್ರೇ ಹೇಳ್ಲಿ. ಇದೊಂದು ಗುಂಡಿ ಮುಚ್ಚಿದ್ರೆ ಆರೋಗ್ಯಕ್ಕೆ ಒಳ್ಳೇದೋ ಕೆಟ್ಟದ್ದೋ?’ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಿಧಾನವಾಗಿ ಹೇಳಬೇಕು ಎಂದು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು. ‘ನಿಮ್ಮ ಬಾಲ್ಕನಿ ಕುಂಡದ ತಟ್ಟೇಲಿ ಸೊಳ್ಳೆಮರಿ ಈಜ್ತಿದಾವೆ, ಮೊದ್ಲು ಅದನ್ನ ಮುಚ್ಚಿ!’ ಎಂದು ಕಿರುಚಿದೆ. ಕುಂಡಗಳು ಅವರ ಹೆಂಡತಿಯವು. ಆಕೆ ನಮ್ಮ ಕಡೆಗೆ ಕೈ ಎತ್ತುವವರಿದ್ದರಂತೆ, ಟೀಚರಮ್ಮ ಆಮೇಲೆ ಹೇಳಿದರು. ಆಕೆ ಎದ್ದು ಹೊರನಡೆದರು. ಜೊತೆಗೆ ಅವರ ಗೆಳತಿಯರೂ ಎದ್ದರು.

ತೀರ್ಮಾನ ಹೀಗಾಯಿತು. ನೀರಿದ್ದರೆ ಕೊಳ, ಇಲ್ಲದಿದ್ದರೆ ಗುಂಡಿ. ತಿಂಗಳ ಕೊನೆಯ ಭಾನುವಾರ ಕಮಿಟಿಯವರು ಬಂದು ನೋಡುತ್ತಾರೆ. ನೀರಿಲ್ಲದಿದ್ದರೆ ಸೋಮವಾರ ಲಾರಿಯಲ್ಲಿ ಮಣ್ಣು ಬರುತ್ತದೆ. ಆಕಾಶದಲ್ಲಿ ಒಂದು ಮೋಡದ ಚೂರೂ ಇಲ್ಲ.

ನನಗೆ ನನ್ನ ನಾಲಿಗೆಯ ಮೇಲೇ ಸಿಟ್ಟು ಬಂದಿದೆ.

ನಿನ್ನ ಅಪ್ಪ

*

ಆಗಸ್ಟ್ ೨೦

ಅಪ್ಪಾ,

ಬಿಡಿ. ನನಗೆ ಕೋಪ ಮಾಡಿಕೊಳ್ಳಲೂ ಶಕ್ತಿ ಇಲ್ಲ. ನಿಮ್ಮಿಂದ ಮಾತ್ರವಲ್ಲ, ಎಲ್ಲದರಿಂದಲೂ ಸಾಕಾಗಿದೆ. ನಾವು ಏಗಿ ಏಗಿ ಒಂದು ಗುಂಡಿಗೆ ಜೀವ ತುಂಬುವುದು, ಯಾರಿಗೋ ಕಾರು ನಿಲ್ಲಿಸಲು ಜಾಗ ಬೇಕಾಗುವುದು. ಮಳೆಯನ್ನು ಬೈದು ಏನು ಬಂತು? ಮುಚ್ಚಿದರೆ ಮುಚ್ಚಲಿ. ಟಬ್ಬಿನಲ್ಲಿ ಉಳಿಸಿದ್ದನ್ನೆಲ್ಲ ಊರಾಚೆಯ ಹಳ್ಳಕ್ಕೆ ಬಿಟ್ಟುಬಿಡಿ. ಬೆಂಚು ಶಾಲೆಗೆ ಇರಲಿ. ಕೀಲಿ ಕಾರ್ಯದರ್ಶಿಗೆ ಕೊಡಿ. ನನ್ನನ್ನು ಬೇರೆ ಕಡೆ ಹಾಕುತ್ತಾರೆ, ಎಲ್ಲಿಗೆಂದು ತಿಳಿದ ಮೇಲೆ ಬರೆಯುತ್ತೇನೆ.

ನೀವು ಕೆಸರಿಗಿಳಿದಿರಲ್ಲ, ಅಷ್ಟು ಸಾಕು.

ನಿಮ್ಮ ಮಗಳು

*

ಸೆಪ್ಟೆಂಬರ್ ೧

ಮಗಳಿಗೆ,

ಕೀಲಿ ಕೊಡುವುದಂತೆ! ಯಾರಿಗೆ ಹೇಳುತ್ತಿದ್ದೀಯ? ಆ ಪತ್ರ ಓದಿ ನನಗೆ ಬಂದ ಸಿಟ್ಟಿಗೆ ಎರಡು ಬೀದಿ ನಡೆದುಹೋದೆ, ಚಪ್ಪಲಿ ಹಾಕಿಕೊಳ್ಳದೆ.

ನಲ್ಲಿ ನೀರು ಬೇಡ ಎಂದೆಯಲ್ಲ, ಕ್ಲೋರಿನ್ ಎಂದೆಯಲ್ಲ. ಬಾವಿ ಬಾವಿಗೆ ಕ್ಲೋರಿನ್ ಹಾಕುತ್ತ ಸವೆದ ಕೈ ನನ್ನದು. ಅದರ ಗುಣ ನನಗೆ ಗೊತ್ತು. ನೀರನ್ನು ತೆರೆದ ಪಾತ್ರೆಯಲ್ಲಿ ಬಿಸಿಲಿಗೆ ಇಟ್ಟರೆ ಅದು ಎರಡು ದಿನಕ್ಕೆ ಹಾರಿಹೋಗುತ್ತದೆ. ಅದು ಹಾರಿಹೋಗುತ್ತದಲ್ಲಾ ಎಂದೇ ಆಗೆಲ್ಲ ತಲೆ ಕೆಡಿಸಿಕೊಂಡಿದ್ದೆ. ಈಗ ಹಾರಿದಷ್ಟೂ ಒಳ್ಳೆಯದು. ಆದರೆ ಕೊಳಕ್ಕೆ ಸಾಕಾಗುವಷ್ಟು ಪಾತ್ರೆ ನನ್ನ ಮನೆಯಲ್ಲಿ ಎಲ್ಲಿದೆ?

ಮನೆಮನೆಗೂ ಹೋದೆ. ನಗಬೇಡ. ಬಾಗಿಲು ತಟ್ಟಿದೊಡನೆ ಹಳಬರು ನನ್ನ ಮುಖ ನೋಡಿ, ‘ಅಯ್ಯೋ ಸಾಹೇಬ್ರೇ, ಎಲ್ಲಾ ಬೋರಲು ಹಾಕಿದೀವಿ!’ ಎನ್ನುವರು. ‘ಬೋರಲು ಹಾಕ್ಬೇಡಿ, ದಯವಿಟ್ಟು ತುಂಬಿಸಿಡಿ, ಮುಚ್ಚಳ ತೆಗೆದಿಡಿ’ ಎಂದು ನಾನು. ಒಬ್ಬರು ನನಗೆ ಜ್ವರ ಬಂದಿದೆ ಎಂದುಕೊಂಡು ಕೂರಿಸಿ ನೀರು ಕೊಟ್ಟರು. ಒಬ್ಬ ಅಜ್ಜಿ, ‘ಅವತ್ತು ನನ್ನ ಹಂಡೆ ಬೀದೀಲಿ ಸುರಿದೆಯಲ್ಲಪ್ಪ, ಈಗ ಬಂದ್ಯಾ?’ ಎಂದು ಬಾಯಿಗೆ ಬಂದ ಹಾಗೆ ಬೈದರು. ಬೈಸಿಕೊಂಡೆ. ಬೈದಾದ ಮೇಲೆ ಅದೇ ಹಂಡೆ ತುಂಬಿಸಿಟ್ಟರು. ಸೊಳ್ಳೆ ಮೊಟ್ಟೆ ಮರಿಯಾಗಿ ಹಾರಲು ವಾರ ಬೇಕು, ಎರಡು ದಿನಕ್ಕೆ ಭಯವಿಲ್ಲ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಹೇಳಿ ಹೇಳಿ ಗಂಟಲು ಕಟ್ಟಿತು.

ಟೀಚರಮ್ಮ ಮಕ್ಕಳಿಗೆ ಹೇಳಿದರು. ಆಮೇಲೆ ಬೀದಿ ನೋಡಬೇಕಿತ್ತು ನೀನು. ಮೆಟ್ಟಿಲ ಮೇಲೆ, ಕಾಂಪೌಂಡಿನ ಮೇಲೆ, ಕಾರಿನ ಪಕ್ಕ, ಎಲ್ಲೆಲ್ಲೂ ಬಾಯಿ ತೆರೆದ ಬಕೆಟ್ಟು. ನನ್ನ ಸರ್ವೀಸಿನಲ್ಲಿ ಈ ಬೀದಿ ಕಂಡಿದ್ದರೆ ನಾನು ಅಲ್ಲೇ ಎದೆ ಹಿಡಿದುಕೊಂಡು ಬೀಳುತ್ತಿದ್ದೆ. ಕಾರ್ಯದರ್ಶಿಯವರ ಮನೆಗೆ ಹೋಗಿ ಅವರ ಹೆಂಡತಿಯ ಕ್ಷಮೆ ಕೇಳಿದೆ. ಆಕೆ ಬಾಗಿಲು ಹಾಕಿಕೊಂಡರು. ಶನಿವಾರ ಬೆಳಗ್ಗೆ ನೋಡಿದರೆ ಅವರ ಬಾಲ್ಕನಿಯಲ್ಲಿ ಸಾಲಾಗಿ ಟಬ್ಬುಗಳು, ಕುಂಡದ ತಟ್ಟೆಗಳು ಮಾತ್ರ ಒಣಗಿ ಲಕಲಕ ಎನ್ನುತ್ತಿದ್ದವು.

ಶನಿವಾರ ಸಂಜೆ ಜನ ತಂದು ಸುರಿದರು. ಕೊಳ ತುಂಬಲಿಲ್ಲ. ಆಳದ ಮೂಲೆಯಲ್ಲಿ ಮೊಣಕಾಲಿನಷ್ಟು ನಿಂತಿತು. ಭಾನುವಾರ ಕಮಿಟಿಯವರು ಬಂದರು. ‘ಇದೂ ನೀರೇನ್ರೀ?’ ಎಂದು ಕಾರ್ಯದರ್ಶಿ ಕೇಳಿದಾಗ ಅವರ ಹೆಂಡತಿಯೇ, ‘ಮತ್ತೇನು ಹಾಲಾ? ನಾನೇ ಹೊತ್ಕೊಂಡು ಬಂದು ಸುರಿದಿದ್ದೀನಿ’ ಎಂದರು. ಲಾರಿ ಬರಲಿಲ್ಲ.

ನಿನ್ನ ಅಪ್ಪ

ಪುಟ್ಟೀ, ಇವನು ಸೊಂಟ ಹಿಡಿದು ಮಲಗಿದ್ದಾನೆ. ಈ ಪತ್ರ ಮಲಗಿಕೊಂಡೇ ಬರೆದದ್ದು, ಅಕ್ಷರ ನೋಡಿದರೆ ಗೊತ್ತಾಗುತ್ತೆ. ಬಿಸಿನೀರಿನ ಶಾಖ ಕೊಡೋಣ ಅಂದರೆ ಮನೆಯಲ್ಲಿ ಒಂದು ಬಕೆಟ್ಟೂ ಇಲ್ಲ. ನಿನ್ನ ದಾರಿ ಕಾಯುತ್ತಿದ್ದಾನೆ, ಬಾಯಿಬಿಟ್ಟು ಹೇಳುವುದಿಲ್ಲ.

*

ಸೆಪ್ಟೆಂಬರ್ ೨೪

ಅಪ್ಪಾ,

ನಿಮ್ಮ ಪತ್ರವನ್ನು ಇಲ್ಲಿನ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಅಜ್ಜಿಯ ಹಂಡೆಗೆ ಬಂದಾಗ ನಗು ತಡೆಯಲಾಗಲಿಲ್ಲ, ಆಮೇಲೆ ಅಳು ಬಂತು. ಮುಂದಕ್ಕೆ ಓದಲು ಬೇರೆಯವರಿಗೆ ಕೊಟ್ಟೆ. ಟೀಚರಮ್ಮನೂ ಬರೆದಿದ್ದಾರೆ. ಮಳೆ ಮತ್ತೆ ಹಿಡಿದು ಕೊಳ ತುಂಬಿತಂತೆ, ಕಪ್ಪೆಗಳು ಎರಡನೆಯ ಸಲ ಮೊಟ್ಟೆ ಇಟ್ಟಿವೆಯಂತೆ. ಶನಿವಾರದ ಪಾಠ ನೀವೇ ಮಾಡುತ್ತೀರಂತೆ, ಮಕ್ಕಳು ಗದ್ದಲ ಮಾಡಿದರೆ ಗದರುತ್ತೀರಂತೆ, ಆದರೂ ಅವರಿಗೆ ನೀವೇ ಬೇಕಂತೆ. ನಾನು ಅಲ್ಲಿದ್ದಾಗ ಬಡಾವಣೆಯವರು ‘ನಿಮ್ಮ ಕೊಳ’ ಎನ್ನುತ್ತಿದ್ದರು. ಈಗ ‘ನಮ್ಮ ಕೊಳ’ ಎನ್ನುತ್ತಿದ್ದಾರಂತೆ. ನನ್ನಿಂದ ಆಗದಿದ್ದದ್ದು ನಿಮ್ಮಿಂದ ಆಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಗಿದೆ.

ಇದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಇಲ್ಲಿನವರು ನನ್ನನ್ನು ಇನ್ನೆರಡು ವರ್ಷ ಇರು ಎಂದು ಕೇಳುತ್ತಿದ್ದಾರೆ. ಮುಂಚೆಯೂ ಕೇಳಿದ್ದರು, ನಿಮಗೆ ಹೇಳಿರಲಿಲ್ಲ. ಕೊಳಕ್ಕೆ ಯಾರೂ ಇಲ್ಲ, ನಾನು ಹೋಗಲೇಬೇಕು ಎಂದಿದ್ದೆ. ಈಗ ಕೊಳಕ್ಕೆ ನೀವಿದ್ದೀರಿ, ಬೀದಿಯಷ್ಟೂ ಜನ ಇದ್ದಾರೆ. ಇಲ್ಲಿ ಈ ದಂಡೆಗೆ ಯಾರೂ ಇಲ್ಲ. ಹಾಗಾಗಿ ಇರುತ್ತೇನೆ ಎಂದು ಹೇಳೋಣ ಎಂದುಕೊಂಡಿದ್ದೇನೆ.

ಬೈಯಬೇಡಿ.

ನಿಮ್ಮ ಮಗಳು

*

ಅಕ್ಟೋಬರ್ ೩

ಮಗಳಿಗೆ,

ಬೈಯುತ್ತೇನೆ. ಬೈಯದೆ ಬಿಡುವುದಿಲ್ಲ.

ಕಪ್ಪೆ ಕೂಗಿದರೆ ನನಗೇನು, ಕೂಗದಿದ್ದರೆ ನನಗೇನು? ಕೊಳ ಉಳಿದರೆ ಬರುತ್ತೇನೆ ಎಂದು ಬರೆದವಳು ನೀನು. ಅದೊಂದು ಮಾತಿಗೆ ನಾನು ಮೀನು ತಂದೆ, ಅದೊಂದು ಮಾತಿಗೆ ಮೀನು ಹಿಡಿದೆ, ಅದೊಂದು ಮಾತಿಗೆ ಈ ವಯಸ್ಸಿನಲ್ಲಿ ಊರವರ ಬಾಗಿಲು ಬಾಗಿಲಿಗೆ ಹೋಗಿ ಬಕೆಟ್ಟು ಬೇಡಿದೆ. ಈಗ ಕೊಳ ಉಳಿಯಿತು. ಕೊಳ ಉಳಿದದ್ದರಿಂದ ಬರುವುದಿಲ್ಲ ಎನ್ನುತ್ತೀಯ. ಇದು ಯಾವ ಊರಿನ ನ್ಯಾಯ? ನನಗೆ ಬೇಕಾಗಿದ್ದದ್ದು ನೀನು ಕಣೇ, ಕೊಳ ಅಲ್ಲ.

ಇಷ್ಟು ಬರೆದು ಪೆನ್ನು ಎಸೆದು ಹೊರಗೆ ಹೋದೆ. ಶನಿವಾರವಾಗಿತ್ತು, ಮಕ್ಕಳು ಗೇಟಿನ ಹತ್ತಿರ ಕಾಯುತ್ತಿದ್ದರು. ಬಲೆಯಲ್ಲಿ ಗೊದಮೊಟ್ಟೆ ಬಂತು. ಒಂದಕ್ಕೆ ಹಿಂಗಾಲು ಮೂಡಿತ್ತು. ಮಕ್ಕಳು ಬಾಯಿ ಮುಚ್ಚಿಕೊಂಡು ನೋಡಿದರು, ಗದರುವ ಪ್ರಸಂಗವೇ ಬರಲಿಲ್ಲ. ನನಗೂ ನಿಂತು ನೋಡುವಂತಾಯಿತು. ಅಲ್ಲೂ ನಿನ್ನನ್ನು ನಂಬಿಕೊಂಡು ಮಕ್ಕಳು ಹೀಗೆಯೇ ಕಾಯುತ್ತಿರುತ್ತಾರೆ ಎಂಬುದು ಗೊತ್ತಿಲ್ಲದವನೇನಲ್ಲ ನಾನು. ಗೊತ್ತಿರುವುದಕ್ಕೇ ಸಿಟ್ಟು ಇನ್ನೂ ಹೆಚ್ಚಾಗಿದೆ.

ಇರು. ಅವರಿಗೆ ಆಗಲಿ ಎಂದು ಹೇಳು.

ಆದರೆ ಒಂದು ಮಾತು. ಪರೀಕ್ಷೆ ರಜೆಯಲ್ಲಿ ಇಲ್ಲಿ ತರಗತಿ ಇರುವುದಿಲ್ಲ. ಕೀಲಿಯನ್ನು ಕಾರ್ಯದರ್ಶಿಯವರ ಹೆಂಡತಿಯ ಕೈಗೆ ಕೊಟ್ಟು ನಾನು ಆ ಹಾಳು ದೋಣಿ ಹತ್ತಿ ಅಲ್ಲಿಗೆ ಬರುತ್ತೇನೆ. ಏನೂ ತರುವುದಿಲ್ಲ, ಏನನ್ನೂ ಮುಟ್ಟುವುದಿಲ್ಲ, ಯಾರಿಗೂ ಏನೂ ಹೇಳುವುದಿಲ್ಲ. ನೀನು ಮಕ್ಕಳಿಗೆ ಪಾಠ ಮಾಡುವಾಗ ಹಿಂದೆ ಎಲ್ಲಾದರೂ ನಿಂತುಕೊಂಡು ನೋಡುತ್ತೇನೆ. ಎಲ್ಲಿ ನಿಂತರೆ ಹಕ್ಕಿಗೆ ತೊಂದರೆಯಿಲ್ಲವೋ ಅದನ್ನು ನೀನೇ ತೋರಿಸು, ಅಲ್ಲೇ ನಿಲ್ಲುತ್ತೇನೆ.

ಇಂತಿ,
ಇನ್ನೂ ಸಿಟ್ಟಿನಲ್ಲಿರುವ
ನಿನ್ನ ಅಪ್ಪ